ಗುಜರಿಯಲ್ಲಿ ಸಿಕ್ಕ ಜಪಾನ್ ಗಿಟಾರು: ಯಾರು ಮಾಡಿದ್ದು, ಯಾವಾಗಿನದು, ಎಷ್ಟು ಬಾಳುತ್ತದೆ?

ಕುಂಬಳೆ ಹತ್ತಿರ ಒಂದು ಹಳೆ ಮನೆ ಕೆಡವುವಾಗ ಹೊರಗೆ ಬಂದ ಸಾಮಾನಿನ ಜೊತೆ ಈ ಗಿಟಾರು ಗುಜರಿಗೆ ಬಂದಿತ್ತು. ಮನೆಯವರು ಒಂದು ಕಾಲದಲ್ಲಿ ಬಹರೈನ್‌ನಲ್ಲಿ ಇದ್ದವರಂತೆ. ನಮ್ಮ ಕಾಸರಗೋಡಿನ ಕಡೆ ಗಲ್ಫ್‌ನಿಂದ ಬಂದ ಜಪಾನ್ ಸಾಮಾನು ಅಂದರೆ ಟೇಪ್ ರೆಕಾರ್ಡರ್, ವಾಚು, ಟಾರ್ಚು. ಗಿಟಾರು ಅಪರೂಪ. ಇದರಲ್ಲಿ ತಂತಿ ಉಳಿದದ್ದು ಮೂರು, ಅದೂ ತುಕ್ಕು. ಒಳಗೆ ಜಿರಳೆ ಮೊಟ್ಟೆ, ಅಟ್ಟದ ಮಸಿ. ಸೌಂಡ್ ಹೋಲಿನೊಳಗೆ, ಅಂದರೆ ಬಾಡಿಯ ನಡುವಿನ ದೊಡ್ಡ ತೂತಿನೊಳಗೆ, ಟಾರ್ಚ್ ಬಿಟ್ಟು ನೋಡಿದರೆ ಒಂದು ಲೇಬಲ್. ಸುಝುಕಿ ವಯಲಿನ್ ಕಂಪನಿ, ನಗೋಯಾ, ಜಪಾನ್. ಜೊತೆಗೆ, ಸ್ಥಾಪನೆ 1887.

ಗುಜರಿಯವರು ಆ 1887ರ ಮೇಲೆ ಬೆರಳಿಟ್ಟರು. "ನೂರು ವರ್ಷ ಮೇಲಾಯ್ತು ಮಾರಾಯ್ರೆ, ಆ್ಯಂಟಿಕ್. ಹತ್ತು ಸಾವಿರಕ್ಕೆ ಕಮ್ಮಿ ಇಲ್ಲ."

ಪಕ್ಕದಲ್ಲಿ ನಿಂತಿದ್ದ ರಿಕ್ಷಾದವರಿಗೆ ಬೇರೆ ಸಂಶಯ. "ಸುಝುಕಿ ಅಂದ್ರೆ ಬೈಕಿನವರಲ್ವಾ? ಅವರು ಗಿಟಾರು ಯಾವಾಗ ಮಾಡಿದ್ದು?"

ಇಬ್ಬರದ್ದೂ ತಪ್ಪು. ಹೇಗೆ ಅಂತ ಮುಂದೆ ಬರುತ್ತದೆ. ನಾನು ಕೊನೆಗೆ ಅದನ್ನು 3,500ಕ್ಕೆ ತಂದೆ. ಅಷ್ಟಕ್ಕೆ ಇಳಿಸಲು ಸಾಧ್ಯ ಆದದ್ದು ನನಗೆ ಚೌಕಾಸಿ ಗೊತ್ತಿದೆ ಅಂತ ಅಲ್ಲ, ಕೈಯಲ್ಲಿ ಒಂದು ಸ್ಟೀಲ್ ಸ್ಕೇಲ್ ಇತ್ತು ಅಂತ. ಹಳೆ ಗಿಟಾರು ಕೊಳ್ಳುವವರು ಹೆಚ್ಚಿನವರು ಹೆಸರಿನಿಂದ ಶುರು ಮಾಡುತ್ತಾರೆ. ಲೇಬಲ್ ಓದಿ, ಫೋನಿನಲ್ಲಿ ಹುಡುಕಿ, ಎಲ್ಲೋ ಅಮೆರಿಕದವನು ಹಾಕಿದ ಬೆಲೆ ನೋಡಿ ಖುಷಿಪಟ್ಟು ದುಡ್ಡು ಕೊಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ. ಮೊದಲು ನೆಕ್ (ಎಡಗೈಯಲ್ಲಿ ಹಿಡಿಯುವ ಉದ್ದ ಕತ್ತು), ಆಮೇಲೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳ ತುದಿ ಸಿಕ್ಕಿಸುವ ಮರದ ತುಂಡು), ಆಮೇಲೆ ಮರ, ಕೊನೆಗೆ ಹೆಸರು. ಅಷ್ಟೇನೂ ಹೆಸರಿಲ್ಲದ ಜಪಾನ್ ಗಿಟಾರಿನಲ್ಲಂತೂ ನೆಕ್ ಸರಿ ಇಲ್ಲದಿದ್ದರೆ ಹೆಸರು ಎಂತದೇ ಇದ್ದರೂ ಅದು ಗೋಡೆಗೆ ತೂಗು ಹಾಕುವ ವಸ್ತು.

ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ

ಅದು ಸ್ಟೀಲ್ ತಂತಿಯ ಗಿಟಾರಾ, ನೈಲಾನ್ ತಂತಿಯದ್ದಾ? ಜಪಾನಿನಿಂದ ಕ್ಲಾಸಿಕಲ್ ಗಿಟಾರು ಕೂಡ ರಾಶಿ ರಾಶಿ ಹೊರಗೆ ಹೋಗಿದೆ. ಕೀಗಳಿರುವ ಹೆಡ್ಡಿನಲ್ಲಿ ಎರಡು ಉದ್ದ ಸೀಳು, ಬ್ರಿಡ್ಜಿನಲ್ಲಿ ಪಿನ್ ಇಲ್ಲದೆ ತಂತಿ ಗಂಟು ಹಾಕುವ ತೂತು, ನಟ್ (ಹೆಡ್ಡಿನ ಬುಡದಲ್ಲಿ ತಂತಿ ಕೂರುವ ಸಣ್ಣ ಪಟ್ಟಿ) ಹತ್ತಿರ ನೆಕ್ ಅಗಲ ಸುಮಾರು 52 ಮಿಲಿಮೀಟರ್ ಇದ್ದರೆ ಅದು ನೈಲಾನಿನದ್ದು. ಸ್ಟೀಲಿನದ್ದರಲ್ಲಿ 42ರಿಂದ 44ರ ಒಳಗೆ ಇರುತ್ತದೆ. ನಮ್ಮಲ್ಲಿ ಅಂಗಡಿಯಲ್ಲಿ ಯಾವ ತಂತಿ ಸಿಕ್ಕಿತೋ ಅದನ್ನೇ ಹಾಕುವುದು ಮಾಮೂಲು. ಸ್ಟೀಲ್ ತಂತಿ ಆರೂ ಸೇರಿ ಶ್ರುತಿಗೆ ಬಂದಾಗ ಸುಮಾರು 70-75 ಕಿಲೋ ಎಳೆಯುತ್ತದೆ. ನೈಲಾನಿನದ್ದು 40 ಕಿಲೋ ಆಸುಪಾಸು. ಕ್ಲಾಸಿಕಲ್ ಗಿಟಾರಿಗೆ ವರ್ಷಗಟ್ಟಲೆ ಸ್ಟೀಲ್ ಹಾಕಿ ಇಟ್ಟರೆ ಬ್ರಿಡ್ಜ್ ಎದ್ದು ಬರುತ್ತದೆ, ಟಾಪ್, ಅಂದರೆ ಬಾಡಿಯ ಮುಂದಿನ ಹಲಗೆ, ಹೊಟ್ಟೆ ಬಂದ ಹಾಗೆ ಉಬ್ಬುತ್ತದೆ. ಅಂಥದ್ದನ್ನು ಸುಮ್ನೆ ಕೊಟ್ಟರೂ ಎರಡು ಸಲ ಯೋಚಿಸಿ.

ನೆಕ್ ನೋಡುವುದು

ಇದಕ್ಕೆ ಬೇಕಾದದ್ದು 60 ಸೆಂಟಿಮೀಟರಿನ ಒಂದು ಸ್ಟೀಲ್ ಸ್ಕೇಲ್. ಆಚಾರಿಗಳ ಹತ್ತಿರ ಇರುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಸ್ಕೇಲನ್ನು ನೆಕ್ಕಿನ ನಡುವೆ, ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ಮೇಲೆ ಉದ್ದಕ್ಕೆ ಮಲಗಿಸಿ. ತುದಿಯನ್ನು ಬ್ರಿಡ್ಜಿನ ಕಡೆ ತಳ್ಳಿ. ಸ್ಕೇಲಿನ ತುದಿ ಬ್ರಿಡ್ಜಿನ ಮರದ ತಲೆಗೆ ಸರಿಯಾಗಿ ಹೋಗಿ ಕೂತರೆ, ಅಥವಾ ಕೂದಲೆಳೆಯಷ್ಟು ಮೇಲೆ ಹೋದರೆ, ಒಳ್ಳೆದುಂಟು. ಬ್ರಿಡ್ಜಿನ ಮರಕ್ಕೆ ಎದುರಿನಿಂದ ಹೋಗಿ ಕುಟ್ಟಿದರೆ, ಅಂದರೆ ತಲೆಗಿಂತ ಕೆಳಗೆ ಬಂದರೆ, ಹಲವು ವರ್ಷ ತಂತಿ ಎಳೆದು ಎಳೆದು ನೆಕ್ ಬಾಡಿಗೆ ಸೇರುವ ಕೋನವೇ ಬದಲಾಗಿದೆ ಅಂತ ಅರ್ಥ. 1 ಮಿಲಿಮೀಟರ್ ಕೆಳಗೆ ಇದ್ದರೆ ಸುಧಾರಿಸಬಹುದು. 3 ಮಿಲಿಮೀಟರ್ ಇದ್ದರೆ ನೆಕ್ ಬಿಚ್ಚಿ ಮತ್ತೆ ಕೂರಿಸಬೇಕು, ಆ ಕೆಲಸದ ಮಜೂರಿ ಗಿಟಾರಿನ ಬೆಲೆಯನ್ನೇ ದಾಟುತ್ತದೆ.

ಆಮೇಲೆ ಆ್ಯಕ್ಷನ್. ತಂತಿ ಶ್ರುತಿಯಲ್ಲಿ ಇರುವಾಗ 12ನೇ ಫ್ರೆಟ್ಟಿನ ತಲೆಯಿಂದ ದಪ್ಪ ತಂತಿಯ ಅಡಿಗೆ ಎಷ್ಟು ಅಂತರ ಅಂತ ಅಳೆಯಿರಿ. 2.5 ಮಿಲಿಮೀಟರ್ ಆಸುಪಾಸು ಇದ್ದರೆ ಕೈಗೆ ಹಿತ. ನನ್ನದರಲ್ಲಿ 3.5 ಇತ್ತು. ಬೆರಳು ನೋವಾಗುವ ಎತ್ತರ, ಆದರೆ ಆಸೆ ಬಿಡುವಷ್ಟಲ್ಲ. ಯಾಕೆಂದರೆ ಬ್ರಿಡ್ಜಿನ ಮೇಲೆ ಸ್ಯಾಡಲ್ (ತಂತಿ ಕೂರುವ ಸಣ್ಣ ಪಟ್ಟಿ) 5 ಮಿಲಿಮೀಟರ್ ಎದ್ದು ಕಾಣುತ್ತಿತ್ತು. ತಗ್ಗಿಸಲಿಕ್ಕೆ ಜಾಗ ಇತ್ತು. ಇಲ್ಲಿ ಒಂದು ಲೆಕ್ಕ ನೆನಪಿಡಿ: 12ನೇ ಫ್ರೆಟ್ಟಿನಲ್ಲಿ ಎಷ್ಟು ತಗ್ಗಬೇಕೋ ಸ್ಯಾಡಲಿನಲ್ಲಿ ಅದರ ಎರಡರಷ್ಟು ಉಜ್ಜಬೇಕು. ನಾನು ಒಂದೂವರೆ ಮಿಲಿಮೀಟರ್ ಉಜ್ಜಿದ ಮೇಲೆ ಆ್ಯಕ್ಷನ್ 2.7ಕ್ಕೆ ಬಂತು, ಸ್ಯಾಡಲ್ ಇನ್ನೂ 3.5 ಮಿಲಿಮೀಟರ್ ಉಳಿಯಿತು. ಸ್ಯಾಡಲ್ ಈಗಾಗಲೇ ಬ್ರಿಡ್ಜಿಗೆ ಸಮ ಆಗುವಷ್ಟು ಉಜ್ಜಿದ್ದು, ಆದರೂ ಆ್ಯಕ್ಷನ್ ಎತ್ತರ ಇದೆ ಅಂದರೆ ಹಿಂದಿನವರು ಈ ದಾರಿಯನ್ನು ಮುಗಿಸಿಯೇ ಮಾರಿದ್ದಾರೆ. ಗುಜರಿಯಲ್ಲಿ ತಂತಿ ಪೂರ್ತಿ ಇರುವುದಿಲ್ಲ ಅಲ್ವಾ, ಹಾಗಾಗಿ ಒಂದು ಹೊಸ ದಪ್ಪ ತಂತಿ ಜೇಬಿನಲ್ಲಿ ಸುತ್ತಿಟ್ಟುಕೊಂಡು ಹೋಗುವುದು ನನ್ನ ಅಭ್ಯಾಸ.

ನೆಕ್ ಬಿಲ್ಲಿನ ಹಾಗೆ ಬಾಗಿದೆಯಾ ಅಂತ ಬೇರೆಯಾಗಿ ನೋಡಬೇಕು. ಅದು ಕೋನದ ಪ್ರಶ್ನೆ ಅಲ್ಲ, ಇದು ಬೇರೆ ರೋಗ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈ, 14ನೇ ಫ್ರೆಟ್ಟಿನಲ್ಲಿ ಇನ್ನೊಂದು ಕೈ ಒತ್ತಿ ಹಿಡಿಯಿರಿ. ನಡುವೆ, 6-7ನೇ ಫ್ರೆಟ್ ಹತ್ತಿರ, ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಸಾಕು. ಬೆಂಕಿಕಡ್ಡಿ ನುಸುಳಿದರೆ ಜಾಸ್ತಿ ಬಾಗಿದೆ. ಟ್ರಸ್ ರಾಡ್ (ನೆಕ್ಕಿನೊಳಗಿನ, ತಿರುಗಿಸಿ ಬಿಗಿ ಮಾಡುವ ಸರಳು) ಇದ್ದರೆ ಇದನ್ನು ಸರಿ ಮಾಡಬಹುದು. ಹೆಡ್ಡಿನಲ್ಲಿ ಒಂದು ಸಣ್ಣ ಮುಚ್ಚಳದ ಅಡಿಯಲ್ಲೋ, ಸೌಂಡ್ ಹೋಲಿನ ಒಳಗೆ ನೆಕ್ ಮುಗಿಯುವಲ್ಲೋ ಅದನ್ನು ತಿರುಗಿಸುವ ನಟ್ ಇರುತ್ತದೆ. ಆದರೆ ಹಳೆ ಕಡಿಮೆ ದರದ ಜಪಾನ್ ಗಿಟಾರುಗಳಲ್ಲಿ ಎಷ್ಟೋ ಸಲ ತಿರುಗಿಸುವ ರಾಡೇ ಇರುವುದಿಲ್ಲ, ನೆಕ್ಕಿನೊಳಗೆ ಸುಮ್ನೆ ಒಂದು ಕಬ್ಬಿಣದ ಪಟ್ಟಿ ಹೂತಿರುತ್ತದೆ. ಲೇಬಲ್ಲಿನಲ್ಲಿ ಸ್ಟೀಲ್ ರಿಇನ್‌ಫೋರ್ಸ್ಡ್ ನೆಕ್ ಅಂತ ಹೆಮ್ಮೆಯಿಂದ ಬರೆದಿದ್ದರೆ ಇದೇ. ರಾಡ್ ಇದ್ದರೂ ಅಂಗಡಿಯಲ್ಲಿ ನಿಂತು ತಿರುಗಿಸಬೇಡಿ. ಮನೆಗೆ ತಂದು, ತಂತಿ ಸಡಿಲಿಸಿ, ಒಂದು ಸಲಕ್ಕೆ ಕಾಲು ಸುತ್ತು. ಬಲಕ್ಕೆ ತಿರುಗಿಸಿದರೆ ಬಿಗಿ. ತುಕ್ಕು ಹಿಡಿದು ಕೂತಿದ್ದರೆ ಬಲ ಹಾಕಬೇಡಿ, ತುಂಡಾದರೆ ಕತೆ ಮುಗಿಯಿತು.

ನೆಕ್ ಬಾಡಿಗೆ ಸೇರುವಲ್ಲಿ ಹಿಂದೆ ನಾಲ್ಕು ಸ್ಕ್ರೂ ಇರುವ ಲೋಹದ ತಗಡು ಕಂಡರೆ ಮೂಗು ಮುರಿಯಬೇಡಿ. ಜಪಾನಿನ ಮತ್ಸುಮೋಕು ಕಾರ್ಖಾನೆಯಲ್ಲಿ ಮಾಡಿದ 70ರ ದಶಕದ ಎಪಿಫೋನ್ ಬ್ರಾಂಡಿನ ಎಫ್‌ಟಿ ಸರಣಿಯ ಕೆಲವು ಗಿಟಾರು ಹಾಗೇ ಇವೆ. ಅಗ್ಗದ ಕೆಲಸ ಅಂತ ಹೇಳುವವರು ಇದ್ದಾರೆ. ನನಗೆ ಅದು ವರ. ಕೋನ ಕೆಟ್ಟರೆ ಸ್ಕ್ರೂ ಬಿಚ್ಚಿ, ಸಂದಿಗೆ ತೆಳು ಮರದ ಚೂರು ಇಟ್ಟು, ಮತ್ತೆ ಬಿಗಿದರೆ ಆಯಿತು.

ಬ್ರಿಡ್ಜ್, ಹೊಟ್ಟೆ, ಹುಳ

ಬ್ರಿಡ್ಜಿನ ಹಿಂದಿನ ಅಂಚಿಗೆ ಒಂದು ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಬ್ರಿಡ್ಜ್ ಏಳಲು ಶುರುವಾಗಿದೆ. ನನ್ನದರಲ್ಲಿ ಬಸ್ ಟಿಕೆಟ್ ಅರ್ಧ ಇಂಚು ಹೋಯಿತು. ಗುಜರಿಯವರಿಗೆ ತೋರಿಸಿದೆ, ಹತ್ತು ಸಾವಿರ ಅಲ್ಲೇ ಆರಕ್ಕೆ ಇಳಿಯಿತು. ಬ್ರಿಡ್ಜಿನ ಮೇಲೆ ಎರಡು ಬಿಳಿ ಚುಕ್ಕಿ ಇದ್ದರೆ ಅದು ಬರೀ ಅಲಂಕಾರ ಅಂತ ತಿಳಿಯಬೇಡಿ. ಜಪಾನಿನವರು ಅದರ ಅಡಿಯಲ್ಲಿ ಬೋಲ್ಟ್ ಅಡಗಿಸಿಟ್ಟಿರುವುದು ಜಾಸ್ತಿ. ರಿಪೇರಿಯವರು ಅದನ್ನು ತಿಳಿಯದೆ ಬಿಸಿ ಮಾಡಿ ಬ್ರಿಡ್ಜ್ ಎಬ್ಬಿಸಲು ಹೋದರೆ ಟಾಪಿನ ಮರವೇ ಕಿತ್ತು ಬರುತ್ತದೆ. ಕೊಡುವಾಗಲೇ ಹೇಳಿ.

ಟಾಪ್ ಬ್ರಿಡ್ಜಿನ ಹಿಂದೆ ಸ್ವಲ್ಪ ಉಬ್ಬಿರುವುದು ಸಹಜ. ಆರು ತಂತಿ ಎಳೆಯುವಾಗ ಅಷ್ಟು ಬಗ್ಗದಿದ್ದರೆ ಸ್ವರವೂ ಬರುವುದಿಲ್ಲ. ಸೌಂಡ್ ಹೋಲಿನ ಎದುರು ತಗ್ಗಾಗಿ, ಹಿಂದೆ ದಿಬ್ಬ ಆಗಿದ್ದರೆ ಮಾತ್ರ ಒಳಗಿನ ಪಟ್ಟಿಗಳು ಬಿಟ್ಟಿರಬಹುದು. ಬೆರಳ ಗಂಟಿನಿಂದ ಟಾಪ್, ಬ್ಯಾಕ್ ಎರಡನ್ನೂ ಅಲ್ಲಲ್ಲಿ ತಟ್ಟುತ್ತಾ ಹೋಗಿ. ಹಲಸಿನ ಹಣ್ಣು ತಟ್ಟಿ ನೋಡುವ ಕಿವಿ ನಮಗೆಲ್ಲ ಇದೆ, ಅದೇ ಸಾಕು. ಎಲ್ಲಾದರೂ ಜರ್ರ್ ಅಂತ ಅದುರಿದರೆ ಅಲ್ಲಿ ಒಳಗಿನ ಪಟ್ಟಿ ಅಂಟು ಬಿಟ್ಟಿದೆ.

ನಮ್ಮ ಕಡೆಯ ವಿಶೇಷ ಹುಳ ಮತ್ತು ಬೂಸು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿದು. ಬಾಡಿಯ ಒಳಗೆ ಸೂಜಿಮೊನೆಯಷ್ಟು ತೂತು, ಅದರ ಕೆಳಗೆ ಗೋಧಿ ಹಿಟ್ಟಿನ ಹಾಗೆ ನುಣ್ಣನೆ ಪುಡಿ ಕಂಡರೆ ಹುಳ ಇನ್ನೂ ಜೀವಂತ. ಮನೆಗೆ ತರಬೇಡಿ, ನಿಮ್ಮ ಪಕಾಸಿಗೂ ಬಾಗಿಲಿಗೂ ಹತ್ತುತ್ತದೆ. ಗೆದ್ದಲಿನ ಮಣ್ಣು ಇದ್ದರೂ ಅಷ್ಟೇ. ಬೂಸಿನ ವಾಸನೆ ಮಾತ್ರ ಇದ್ದರೆ ತೊಂದರೆ ಇಲ್ಲ, ಒಣ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಗಾಳಿಗೆ ಇಟ್ಟರೆ ಎರಡು ವಾರದಲ್ಲಿ ಹೋಗುತ್ತದೆ. ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ಹಾಕುವ ಬುದ್ಧಿ ಮಾಡಬೇಡಿ.

ಪ್ಲೈವುಡ್ಡಾ, ಗಟ್ಟಿ ಮರವಾ

ಸೌಂಡ್ ಹೋಲಿನ ಅಂಚು ನೋಡಿ. ಟಾಪಿನ ಮೇಲೆ ಕಾಣುವ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಮೇಲಿಂದ ಕೆಳಗೆ ಇಳಿದು ಹೋದರೆ ಅದು ಒಂದೇ ಹಲಗೆ. ಅಂಚಿನಲ್ಲಿ ಮೂರು ಪದರ ಸ್ಯಾಂಡ್‌ವಿಚ್ ಥರ ಕಂಡರೆ ಪ್ಲೈ. ಅಂಚಿಗೆ ಕಪ್ಪು ಬಣ್ಣ ಬಳಿದಿದ್ದರೆ ಸಂಶಯ ಪಡಿ. ಬ್ಯಾಕಿಗೆ ಬೇರೆ ಉಪಾಯ: ಹೊರಗೆ ಒಂದು ಗಂಟೋ, ವಿಶೇಷವಾದ ಗೆರೆಯೋ ಇರುವ ಜಾಗ ಹುಡುಕಿ, ಅದೇ ಜಾಗವನ್ನು ಒಳಗಿನಿಂದ ಕನ್ನಡಿ ಹಿಡಿದು ನೋಡಿ. ಒಳಗೂ ಅದೇ ಚಿತ್ರ ಇದ್ದರೆ ಗಟ್ಟಿ ಮರ, ಬೇರೆ ಇದ್ದರೆ ಪ್ಲೈ.

ಪ್ಲೈ ಅಂದ ಕೂಡಲೇ ಕೈಬಿಡಬೇಡಿ. ಯಮಹಾ 1966ರಲ್ಲಿ ತಂದ ಎಫ್‌ಜಿ-180ರ ಟಾಪ್ ಪ್ಲೈಯದ್ದೇ, ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಹವೆಗೆ ಒಂದು ಲೆಕ್ಕದಲ್ಲಿ ಪ್ಲೈಯೇ ವಾಸಿ, ಆಟಿಯ ಮಳೆಗೂ ಮಾರ್ಚಿನ ಸೆಖೆಗೂ ಅದು ಅಷ್ಟಾಗಿ ಜಗ್ಗುವುದಿಲ್ಲ. ಬೆಲೆಯಲ್ಲಿ ಮಾತ್ರ ಗಟ್ಟಿ ಮರದ ಟಾಪ್ ಇದ್ದದ್ದಕ್ಕೆ ತೂಕ ಜಾಸ್ತಿ.

ಬ್ಯಾಕಿನ ಮರ ಕಪ್ಪು ಕಂದಾಗಿದ್ದರೆ ಮಾರುವವರ ಬಾಯಲ್ಲಿ ಅದು ಬ್ರೆಜಿಲಿಯನ್ ರೋಸ್‌ವುಡ್ ಆಗುತ್ತದೆ. ಹೆಚ್ಚಿನ ಸಲ ಅದು ನಮ್ಮದೇ ಬೀಟೆ, ಅದೂ ಪ್ಲೈಯ ಮೇಲಿನ ಒಂದು ತೆಳು ಪದರ. ಅಮೆರಿಕದ ಮಾರ್ಟಿನ್ ಕಂಪನಿಯೇ 1969ರಲ್ಲಿ ಬ್ರೆಜಿಲಿನ ಮರ ಬಿಟ್ಟು ಭಾರತದ ಬೀಟೆಗೆ ಬಂದಿತು, ಜಪಾನಿನವರೂ ಇದನ್ನು ಧಾರಾಳ ಬಳಸಿದರು. ಘಟ್ಟದ ಮರ ಹಡಗು ಹತ್ತಿ ನಗೋಯಾಕ್ಕೆ ಹೋಗಿ, ಗಿಟಾರಾಗಿ ಬಹರೈನಿಗೆ ಬಂದು, ಮತ್ತೆ ಕುಂಬಳೆಯ ಅಟ್ಟ ಸೇರಿದ್ದು ನೋಡಿ ನನಗೆ ನಗು ಬಂತು. ನಿಜವಾಗಿ ಬ್ರೆಜಿಲಿನದ್ದೇ ಆಗಿದ್ದರೆ ಖುಷಿಗಿಂತ ತಲೆನೋವು ಜಾಸ್ತಿ. 1992ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಬಿಗಿ ನಿರ್ಬಂಧ ಇರುವ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸಿ ಮಾರುವಂತಿಲ್ಲ.

ಈಗ ಹೆಸರು

ಲೇಬಲ್ ಫೋಟೋ ತೆಗೆಯುವ ಮೊದಲು ಅದನ್ನು ಮುಟ್ಟಬೇಡಿ. ಇದು ನಾನು ಕಲಿತದ್ದು ಕೆಟ್ಟ ದಾರಿಯಲ್ಲಿ. ಮನೆಗೆ ತಂದ ದಿನ ಮಸಿ ಇದೆ ಅಂತ ಒದ್ದೆ ಬಟ್ಟೆಯಲ್ಲಿ ಲೇಬಲ್ ಒರೆಸಿದೆ. ಅಚ್ಚಾದ ಅಕ್ಷರ ಉಳಿಯಿತು, ಮಾಡೆಲ್ ನಂಬರು ಶಾಯಿಯ ಮುದ್ರೆ, ಅದರ ಕೊನೆಯ ಅಂಕಿ ಬಟ್ಟೆಗೆ ಬಂತು. ಬಟ್ಟೆಯಲ್ಲಿ ಒಂದು ನೀಲಿ ಕಲೆ, ಲೇಬಲ್ಲಿನಲ್ಲಿ ಒಂದು ಬೆಳ್ಳಗಿನ ಜಾಗ. ಮನೆಯಲ್ಲಿ ಕೇಳಿದಾಗ ಹುಳ ತಿಂದದ್ದು ಅಂತ ಹೇಳಿದೆ.

ಹಾಗಾಗಿ ತಂತಿ ಸಡಿಲಿಸಿ, ಒಣ ಪೇಂಟ್ ಬ್ರಷ್‌ನಲ್ಲಿ ಧೂಳು ಮಾತ್ರ ಸರಿಸಿ, ಓರೆಯಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಲೇಬಲ್ ಉದುರಿ ಹೋಗಿದ್ದರೂ ನಾಲ್ಕು ಕಡೆ ಹುಡುಕಬೇಕು: ಸೌಂಡ್ ಹೋಲಿನಿಂದ ಕಾಣುವ ನೆಕ್ಕಿನ ಬುಡದ ಮರದ ಮೇಲೆ ಒತ್ತಿದ ನಂಬರು, ಬ್ಯಾಕಿನ ಉದ್ದಪಟ್ಟಿಯ ಮೇಲೆ ಶಾಯಿ ಮುದ್ರೆ, ಟಾಪಿನ ಒಳಮೈ (ಕನ್ನಡಿ ಬೇಕು), ಕೀಗಳ ಹಿಂದೆ ಜಪಾನ್ ಎಂಬ ಅಚ್ಚು. ಕೀ ಒಂದನ್ನೇ ನಂಬಿ ತೀರ್ಮಾನ ಮಾಡಬೇಡಿ, ಅದು ಯಾವಾಗ ಬೇಕಾದರೂ ಬದಲಾದದ್ದಿರಬಹುದು. ಬರೀ ಜಪಾನಿ ಅಕ್ಷರ ಇದ್ದರೆ ಫೋನಿನ ಅನುವಾದದ ಆ್ಯಪಿಗೆ ತೋರಿಸಿ. ಜಪಾನಿ ಮಾತ್ರ ಇರುವ ಲೇಬಲ್ ಅಂದರೆ ಅವರ ಊರಿನ ಮಾರುಕಟ್ಟೆಗೇ ಮಾಡಿದ್ದು ಅಂತ ಊಹಿಸಬಹುದು. ಇಂಗ್ಲಿಷ್ ಇದ್ದರೆ ಹೊರದೇಶಕ್ಕೆ ಮಾಡಿದ್ದಿರಬಹುದು.

ರಿಕ್ಷಾದವರ ಪ್ರಶ್ನೆಗೆ ಬರುತ್ತೇನೆ. ಜಪಾನಿನಲ್ಲಿ ಸುಝುಕಿ ಅಂದರೆ ನಮ್ಮಲ್ಲಿ ಭಟ್, ಶೆಟ್ಟಿ ಅಂದ ಹಾಗೆ, ಎಲ್ಲೆಲ್ಲೂ ಇರುವ ಮನೆತನದ ಹೆಸರು. ಬೈಕಿನ ಸುಝುಕಿ ಹಮಾಮತ್ಸುವಿನಲ್ಲಿ ಮಗ್ಗದ ಯಂತ್ರ ಮಾಡುತ್ತಾ ಶುರುವಾದದ್ದು. ಹಾರ್ಮೋನಿಕಾ, ಮೆಲೋಡಿಯನ್ ಮಾಡುವ ಸುಝುಕಿಯೂ ಅದೇ ಊರಿನದ್ದು, ಆದರೆ ಬೇರೆ ಕಂಪನಿ. ನಗೋಯಾದ ಸುಝುಕಿ ವಯಲಿನ್ ಈ ಎರಡೂ ಅಲ್ಲ. 1887ರಲ್ಲಿ ಮಸಾಕಿಚಿ ಸುಝುಕಿ ವಯಲಿನ್ ಮಾಡಲು ಹೊರಟದ್ದು, ಮಕ್ಕಳಿಗೆ ವಯಲಿನ್ ಕಲಿಸುವ ಸುಝುಕಿ ಪದ್ಧತಿಯ ಶಿನಿಚಿ ಸುಝುಕಿ ಅವರ ಮಗ. ಅಂದರೆ ಲೇಬಲ್ಲಿನ 1887 ಕಂಪನಿ ಹುಟ್ಟಿದ ವರ್ಷ, ಗಿಟಾರಿನದ್ದಲ್ಲ. ತಮಾಷೆ ಏನೆಂದರೆ ಇದೇ ಪ್ರಶ್ನೆಯನ್ನು ಯಮಹಾದ ಬಗ್ಗೆ ಕೇಳಿದ್ದರೆ ರಿಕ್ಷಾದವರು ಸರಿ ಇರುತ್ತಿದ್ದರು. ಆರ್‌ಎಕ್ಸ್ 100 ಬೈಕೂ ಎಫ್‌ಜಿ ಗಿಟಾರೂ ಒಂದೇ ಮನೆಯ ಕುಡಿ. ವಾದ್ಯದ ಕಂಪನಿಯಿಂದಲೇ 1955ರಲ್ಲಿ ಬೈಕಿನ ಕಂಪನಿ ಬೇರೆಯಾದದ್ದು.

ಹಾಗಂತ ಯಮಹಾ ಅಂದದ್ದೆಲ್ಲ ಜಪಾನಿನಲ್ಲಿ ಮಾಡಿದ್ದಲ್ಲ. ಹಳೆ ಎಫ್‌ಜಿಗಳಲ್ಲೂ ತೈವಾನಿನಲ್ಲಿ ಮಾಡಿದ್ದು ಬೇಕಾದಷ್ಟಿದೆ, ನಮ್ಮಲ್ಲಿ ಮನೆಮನೆಯಲ್ಲಿ ಕಾಣುವ ಎಫ್310 ಇಂಡೋನೇಷ್ಯಾದ್ದು. ಗಿವ್ಸನ್ ಅಂತ ಓದಿ ಅಮೆರಿಕದ ಹೆಸರಾಂತ ಗಿಬ್ಸನ್ ಅಂದುಕೊಳ್ಳುವವರೂ ಇದ್ದಾರೆ, ಅದು ನಮ್ಮ ಕೋಲ್ಕತ್ತಾದ್ದು. ಯಾವ ದೇಶದಲ್ಲಿ ಮಾಡಿದ್ದು ಎಂಬ ಸಾಲನ್ನು ಹುಡುಕಿ ಓದಿ.

ವರ್ಷ ಕಂಡುಹಿಡಿಯುವುದು

ಕೆಲವು ಕಂಪನಿಗಳದ್ದು ಸುಲಭ. ಗಿಫು ಪ್ರಾಂತ್ಯದ ಟಕಮೀನೆ ಎಂಟು ಅಂಕಿಯ ನಂಬರು ಹಾಕುತ್ತದೆ, ಮೊದಲೆರಡು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ಆ ದಿನದ ಎಷ್ಟನೆಯದು ಅಂತ. 78051432 ಇದ್ದರೆ 1978ರ ಮೇ 14ರಂದು ಮಾಡಿದ 32ನೆಯದು. ಅದೇ ಗಿಫುವಿನ ಕಜುವೋ ಯೈರಿಯವರ ಗಿಟಾರಿನಲ್ಲಿ ನೆಕ್ಕಿನ ಬುಡದಲ್ಲಿ ಒತ್ತಿದ ನಂಬರಿನ ಮೊದಲೆರಡು ಅಂಕಿ ಚಕ್ರವರ್ತಿಯ ಆಳ್ವಿಕೆಯ ವರ್ಷ. ನಮ್ಮ ಶಕ ವರ್ಷದ ಹಾಗೆ ಅವರಿಗೊಂದು ಲೆಕ್ಕ. 51 ಅಂತಿದ್ದರೆ 25 ಕೂಡಿಸಿ, 76, ಅಂದರೆ 1976. ಇದು ಶೋವಾ ಎಂಬ ಆಳ್ವಿಕೆಯ ಕಾಲಕ್ಕೆ ಮಾತ್ರ, 1989ರಲ್ಲಿ ಹೊಸ ಲೆಕ್ಕ ಒಂದರಿಂದ ಶುರುವಾಗುತ್ತದೆ. ಯಮಹಾದಲ್ಲಿ ಲೇಬಲ್ ಮೇಲೆ ನಿಪ್ಪೊನ್ ಗಕ್ಕಿ ಅಂತ ಇದ್ದರೆ 1987ಕ್ಕಿಂತ ಹಿಂದಿನದು, ಆ ವರ್ಷ ಕಂಪನಿ ಹೆಸರು ಬದಲಾಯಿತು. ಒಬ್ಬರ ಸೂತ್ರ ಇನ್ನೊಬ್ಬರ ನಂಬರಿಗೆ ಹಾಕಬೇಡಿ. ಆರಂಕಿಯ ಯಾವುದೋ ನಂಬರನ್ನು ಟಕಮೀನೆಯ ಹಾಗೆ ಓದಿ 1971 ಅಂತ ಹೇಳಿ ಮಾರುವವರು ಬೇಕಾದಷ್ಟಿದ್ದಾರೆ.

ಮಾಡೆಲ್ ನಂಬರು ಕೆಲವೊಮ್ಮೆ ಬೆಲೆಯನ್ನೇ ಹೇಳುತ್ತದೆ. ಎಫ್‌ಜಿ-180 ಅಂದರೆ 18,000 ಯೆನ್, ಎಫ್‌ಜಿ-150 ಅಂದರೆ 15,000. ಮೋರಿಸ್ ಕಂಪನಿಯ ಡಬ್ಲ್ಯೂ-20 ಅಂದರೆ 20,000. 70ರ ದಶಕದಲ್ಲಿ ಅಲ್ಲಿಯ ಹಲವು ಕಂಪನಿಗಳು ಈ ರೂಢಿ ಹಿಡಿದವು. ಅದರಿಂದ ಒಂದು ಕಂಪನಿಯೊಳಗೆ ಯಾವುದು ಮೇಲು, ಯಾವುದು ಸಾದಾ ಅಂತ ತಕ್ಷಣ ತಿಳಿಯುತ್ತದೆ. ನನ್ನ ಗಿಟಾರಿನ ಆ ಕೊನೆಯ ಅಂಕಿ ಯಾಕೆ ಅಷ್ಟು ಮುಖ್ಯ ಅಂತ ಈಗ ಗೊತ್ತಾಯಿತಲ್ಲ.

ನಂಬರು ಏನೂ ಸಿಗದಿದ್ದರೆ ಅಂಗಾಂಗ ನೋಡಿ ಅಂದಾಜು ಮಾಡಬೇಕು. ನಟ್ಟಿನ ಪಕ್ಕದಲ್ಲೇ ಇನ್ನೊಂದು ಫ್ರೆಟ್, ಎರಡು ಸ್ಕ್ರೂ ತಿರುಗಿಸಿ ಸ್ಯಾಡಲ್ ಏರಿಸುವ ಬ್ರಿಡ್ಜ್, ಇವು 60-70ರ ದಶಕದ ಗಿಟಾರುಗಳಲ್ಲಿ ಜಾಸ್ತಿ ಕಾಣುತ್ತವೆ. 1985ರ ನಂತರ ಯೆನ್ ಬಲವಾಗಿ ಅಗ್ಗದ ಗಿಟಾರನ್ನು ಜಪಾನಿನಲ್ಲಿ ಮಾಡುವುದು ಗಿಟ್ಟದೆ ಕೆಲಸ ಕೊರಿಯಾ, ತೈವಾನ್ ಕಡೆ ಹೋಯಿತು. ಹಾಗಾಗಿ ಸಾದಾ ಗಿಟಾರಿನಲ್ಲಿ ಜಪಾನ್ ಅಂತ ಇದ್ದರೆ ಅದಕ್ಕಿಂತ ಹಿಂದಿನದು ಅನ್ನುವ ಊಹೆ ಹೆಚ್ಚಾಗಿ ಸರಿ ಬರುತ್ತದೆ.

ಒಂದು ಮಾತು ಕೇಳಿದರೆ ಮಾತ್ರ ಜೇಬು ಮುಚ್ಚಿಕೊಳ್ಳಿ: ಲಾಸೂಟ್ ಗಿಟಾರು. ಮೊಕದ್ದಮೆ ಬಿದ್ದಷ್ಟು ಒಳ್ಳೆ ನಕಲು ಅಂತ ಅರ್ಥ ಬರುವ ಹಾಗೆ ಹೇಳುತ್ತಾರೆ. ನಡೆದದ್ದು ಇಷ್ಟೇ. 1977ರಲ್ಲಿ ಗಿಬ್ಸನ್ನಿನ ಒಡೆಯ ನಾರ್ಲಿನ್ ಕಂಪನಿ, ಜಪಾನಿನ ಗಿಟಾರು ಬ್ರಾಂಡ್ ಇಬಾನೆಜ್‌ನವರ ಅಮೆರಿಕದ ವಿತರಕ ಎಲ್ಗರ್ ಮೇಲೆ, ಹೆಡ್ಡಿನ ಆಕಾರದ ಬಗ್ಗೆ ಕೇಸು ಹಾಕಿತು. ಕೋರ್ಟಿನ ಹೊರಗೆ ರಾಜಿಯಾಯಿತು. ಅದಕ್ಕೂ ಕುಂಬಳೆಯ ಅಟ್ಟದ ಗಿಟಾರಿಗೂ ಯಾವ ಸಂಬಂಧವೂ ಇಲ್ಲ.

ಬೆಲೆ ಕಟ್ಟುವುದು

ಅಡಿಕೆ ಸುಲಿದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ತೋಟದ್ದಾದರೂ ಒಳ್ಳೆ ಚಾಲಿ ಬೇರೆ, ಪಠೋರ ಬೇರೆ, ಉಳ್ಳಿ ಬೇರೆ, ಕರಿಗೋಟು ಬೇರೆ. ತೋಟದ ಹೆಸರು ಹೇಳಿದರೆ ಅಂಗಡಿಯವರು ದರ ಹೇಳುವುದಿಲ್ಲ, ಗೋಣಿಗೆ ಕೈ ಹಾಕಿ ನೋಡಿ ಹೇಳುತ್ತಾರೆ. ಗಿಟಾರಿಗೂ ಹಾಗೇ.

ಆನ್‌ಲೈನಿನಲ್ಲಿ ನೋಡುವಾಗ ಕೇಳುವ ಬೆಲೆ ಬೇರೆ, ಮಾರಿ ಹೋದ ಬೆಲೆ ಬೇರೆ. ಇಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ. ವಾದ್ಯ ಮಾರುವ ಜಾಲತಾಣ ರಿವರ್ಬ್‌ನಲ್ಲೂ ಹಳೆ ಮಾರಾಟದ ಬೆಲೆ ಸಿಗುತ್ತದೆ. ಜಪಾನಿನ ಯಾಹೂ ಹರಾಜಿನಲ್ಲಿ ಹುಡುಕುವುದಾದರೆ ಹೆಸರನ್ನು ಜಪಾನಿ ಲಿಪಿಯಲ್ಲಿ ಹಾಕಿ, ಇಂಗ್ಲಿಷಿನಲ್ಲಿ ಹಾಕಿದರೆ ಅರ್ಧವೂ ಬರುವುದಿಲ್ಲ. ಅದೇ ಲೇಬಲ್, ಅದೇ ಬಾಡಿ ಆಕಾರ, ಸುಮಾರು ಅದೇ ಸ್ಥಿತಿಯ ಐದಾರು ಮಾರಾಟ ಬರೆದಿಟ್ಟುಕೊಳ್ಳಿ. ಲೆಕ್ಕಕ್ಕೆ ರೂಪಾಯಿಯಲ್ಲಿ 12, 14, 15, 18, 30 ಸಾವಿರ ಬಂತು ಅಂತಿಟ್ಟುಕೊಳ್ಳಿ. ಸರಾಸರಿ ತೆಗೆಯಬೇಡಿ, ಆ 30 ಎಲ್ಲವನ್ನೂ ಎಳೆದುಬಿಡುತ್ತದೆ. ಅದಕ್ಕೆ ಮೂಲ ಪೆಟ್ಟಿಗೆಯೋ ಎಂತದೋ ಇರುತ್ತದೆ. ನಡುವಿನದ್ದು ಹಿಡಿಯಿರಿ, 15.

ಆ 15 ಚೆನ್ನಾಗಿ ನುಡಿಯುವ, ಶುಚಿಯಾದ ಗಿಟಾರಿನದ್ದು. ನಿಮ್ಮ ಕೈಯಲ್ಲಿರುವುದನ್ನು ಆ ಸ್ಥಿತಿಗೆ ತರುವ ಖರ್ಚನ್ನು ಮೊದಲು ಕಳೆಯಿರಿ. ಆಮೇಲೆ ಊರಿನ ಲೆಕ್ಕ. ಟೋಕಿಯೋದಲ್ಲಿ ಇಂಥದ್ದೇ ಬೇಕು ಅಂತ ಹುಡುಕುವ ಜನ ಇದ್ದಾರೆ, ಮಂಗಳೂರು-ಕಾಸರಗೋಡಿನಲ್ಲಿ ಎಷ್ಟು ಜನ? ಇಲ್ಲಿ ಕೊಳ್ಳುವವರು ಮನಸ್ಸಿನಲ್ಲೇ ಹೋಲಿಸುವುದು ಹತ್ತು ಸಾವಿರದ ಆಸುಪಾಸಿಗೆ ಸಿಗುವ ಹೊಸ ಗಿಟಾರಿನ ಜೊತೆ. ಹೊಳೆಯುವ ಹೊಸದು, ಮೇಲೆ ಗ್ಯಾರಂಟಿ ಕಾರ್ಡು. ಹೆಸರು ಕೇಳದ ಹಳೆಯದನ್ನು ಅದಕ್ಕಿಂತ ಮೇಲೆ ಮಾರಬೇಕಾದರೆ ಅದು ಕೈಗೆ ಕೊಟ್ಟ ಅರ್ಧ ನಿಮಿಷದಲ್ಲಿ ತಾನೇ ಮಾತಾಡಬೇಕು.

ನನ್ನ ಲೆಕ್ಕ ಹೀಗಾಯಿತು. ಗಿಟಾರು 3,500. ಬ್ರಿಡ್ಜ್ ತೆಗೆದು ಅಂಟಿಸಿದ್ದು 1,800. ಮೂಳೆಯ ಸ್ಯಾಡಲ್ 400. ತಂತಿ 650. ಒಟ್ಟು 6,350, ಮಂಗಳೂರಿಗೆ ಎರಡು ಸಲದ ಬಸ್ಸು ಬಿಟ್ಟು. ಪೂರ್ತಿ ಮಾಡೆಲ್ ನಂಬರು ಇಲ್ಲ, ಟಾಪ್ ಪ್ಲೈ, ನೆಕ್ಕಿನ ಕೋನ ಸ್ವಲ್ಪ ಇಳಿದಿದೆ. ಇಲ್ಲಿ ಮಾರಿದರೆ 8,000 ನ್ಯಾಯದ ಬೆಲೆ ಅಂತ ನನ್ನ ತೀರ್ಮಾನ. ಮೂಲದಲ್ಲಿ ಹತ್ತು ಸಾವಿರ ಕೊಟ್ಟಿದ್ದರೆ 4,850 ಕೈಬಿಡುತ್ತಿತ್ತು.

ಬ್ರಿಡ್ಜ್ ಅಂಟಿಸುವ ಬಗ್ಗೆ ಒಂದು ಎಚ್ಚರಿಕೆ. ಮೊದಲ ಸಲ, ಬೇರೊಂದು ಗಿಟಾರಿಗೆ, ಪೀಠೋಪಕರಣದ ಕೆಲಸದವರೊಬ್ಬರ ಹತ್ತಿರ ಕೊಟ್ಟೆ. ಅವರು ಎಪಾಕ್ಸಿ ಹಾಕಿ ಕಲ್ಲಿನ ಹಾಗೆ ಮಾಡಿಕೊಟ್ಟರು. ವರ್ಷದೊಳಗೆ ಅದು ಟಾಪಿನ ಮರವನ್ನೇ ಹಿಡಿದುಕೊಂಡು ಎದ್ದಿತು, ಮತ್ತೆ ಯಾರಿಗೂ ಸರಿ ಮಾಡಲು ಆಗಲಿಲ್ಲ. ಅಂಟು ಯಾವುದು, ಹಳೆ ಅಂಟು ಪೂರ್ತಿ ಕೆರೆಯುತ್ತೀರಾ, ಒಂದು ದಿನವಾದರೂ ಕ್ಲಾಂಪಿನಲ್ಲಿ ಇಡುತ್ತೀರಾ ಅಂತ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಗಿಟಾರು ತೆಗೆದುಕೊಂಡು ವಾಪಸ್ ಬನ್ನಿ. ಮತ್ತೆ ಮೆರುಗು ತೆಗೆದು ಹೊಸ ಪಾಲಿಶ್ ಹೊಡೆಸುವುದು ಯಾವ ಕಾರಣಕ್ಕೂ ಬೇಡ, ಹೊಳಪು ಬಂದ ಹಾಗೆ ಬೆಲೆ ಇಳಿಯುತ್ತದೆ.

ಮನೆಯಲ್ಲಿ ಇಡುವಾಗ ಗಾಳಿಯ ತೇವ ಶೇಕಡಾ 45ರಿಂದ 55 ಇರಬೇಕು ಅಂತ ಗಿಟಾರು ಮಾಡುವವರು ಹೇಳುತ್ತಾರೆ. ಆಟಿ ತಿಂಗಳಲ್ಲಿ ನಮ್ಮ ಚಾವಡಿಯ ಮೀಟರು 90 ತೋರಿಸುತ್ತದೆ, ಏನು ಮಾಡುವುದು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲಿನ ದೊಡ್ಡ ಪೊಟ್ಟಣ ಇಟ್ಟು, ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಇಡುತ್ತೇನೆ. ಆ ಬಾಣಲೆ ಅಡುಗೆಯದ್ದಾಗಿರಬಾರದು. ನುಡಿಸದೆ ತಿಂಗಳುಗಟ್ಟಲೆ ಇಡುವುದಾದರೆ ತಂತಿಯನ್ನು ಒಂದೆರಡು ಸ್ವರ ಇಳಿಸಿಡಿ.

ಮಾರುವ ದಿನ ಬಂದರೆ ಫೋಟೋಗಳಲ್ಲಿ ಸ್ಕೇಲ್ ಇಟ್ಟ ನೆಕ್, ಬ್ರಿಡ್ಜಿನ ಹಿಂದಿನ ಅಂಚು, ಸೌಂಡ್ ಹೋಲಿನ ಅಂಚು, ಲೇಬಲ್ ಇವು ಇರಲಿ. ಮಾಡಿಸಿದ ರಿಪೇರಿಯ ಚೀಟಿ ಬರೆದು ಪೆಟ್ಟಿಗೆಯಲ್ಲಿಡಿ. ನನ್ನ ಚೀಟಿಯಲ್ಲಿ ನಾಲ್ಕು ಸಾಲು ಇದೆ: ಬ್ರಿಡ್ಜ್ ಒಮ್ಮೆ ತೆಗೆದು ಅಂಟಿಸಿದೆ. ಸ್ಯಾಡಲ್ ಹೊಸದು, ಹಳೆಯದು ಈ ಪೊಟ್ಟಣದಲ್ಲಿದೆ. ಆ್ಯಕ್ಷನ್ 2.7. ಲೇಬಲ್ಲಿನ ಕೊನೆಯ ಅಂಕಿ ಹುಳ ತಿಂದದ್ದಲ್ಲ, ನಾನೇ ಒರೆಸಿ ತೆಗೆದದ್ದು.